ಕುಸ್ತಿ ಅಭ್ಯಾಸದ ಕೊನೆಯ ಹದಿನೈದು ನಿಮಿಷ: ದಮ್ಮು ಬೆಳೆಸುವ ವ್ಯಾಯಾಮಗಳನ್ನು ಮಾಡಿಸುವ ಕ್ರಮ

ಪಟ್ಟುಗಳ ಅಭ್ಯಾಸವೂ ಜೋಡಿ ಕುಸ್ತಿಯೂ ಮುಗಿದು ಎಲ್ಲರ ಮೈ ಬೆವರಿನಿಂದ ತೊಯ್ದಿರುವಾಗ, ಉಳಿದ ಸಮಯವನ್ನು ಓಟಕ್ಕೂ ದೈಹಿಕ ಕಸರತ್ತಿಗೂ ಕೊಡುವುದು ಬಹುತೇಕ ತರಬೇತುದಾರರ ರೂಢಿ. ಎಷ್ಟು ಹೊತ್ತು, ಯಾವ ವೇಗದಲ್ಲಿ, ಏತಕ್ಕಾಗಿ ಎಂಬ ಲೆಕ್ಕವಿಲ್ಲದೆ ಓಡಿಸಿದರೆ ಕುಸ್ತಿಪಟುಗಳು ದಣಿಯುತ್ತಾರೆ ಎಂಬುದೇನೋ ನಿಜ. ಆದರೆ ಬರೀ ದಣಿಸುವುದಕ್ಕೆ ತರಬೇತುದಾರರೇ ಬೇಕಾಗಿಲ್ಲ. ಉಸಿರು ಮೇಲುಸಿರಾದಾಗಲೂ ನಿಲುವು ಕೆಡದಂತೆ, ಸೊಂಟ ಮೇಲೇಳದಂತೆ, ತಲೆ ಬಾಗದಂತೆ ಚಲಿಸುವುದನ್ನು ದೇಹಕ್ಕೆ ಕಲಿಸುವುದೇ ಈ ಕೊನೆಯ ಅವಧಿಯ ಕೆಲಸ. ಆದ್ದರಿಂದ ಯಾವುದೇ ವ್ಯಾಯಾಮವನ್ನು ಆರಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಚಲನೆ ಪಂದ್ಯದಲ್ಲಿ ಬರುತ್ತದೆಯೇ, ಮತ್ತು ದಣಿದ ಮೇಲೆ ಇದನ್ನು ತಪ್ಪಾಗಿ ಮಾಡಿದರೆ ಪೆಟ್ಟಾಗುತ್ತದೆಯೇ?

ಅಳತೆಗೋಲು ಪಂದ್ಯದ ಗಡಿಯಾರ

ಅಂತರರಾಷ್ಟ್ರೀಯ ನಿಯಮದಂತೆ ಹಿರಿಯರ ಫ್ರೀಸ್ಟೈಲ್ ಮತ್ತು ಗ್ರೀಕೋ-ರೋಮನ್ ಪಂದ್ಯಗಳು ತಲಾ 3 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತವೆ, ನಡುವೆ 30 ಸೆಕೆಂಡುಗಳ ಬಿಡುವಿರುತ್ತದೆ. 15 ಮತ್ತು 17 ವರ್ಷದೊಳಗಿನವರ ವಿಭಾಗಗಳಲ್ಲಿ ಪ್ರತಿ ಅವಧಿ 2 ನಿಮಿಷ. ಈ ಆರು ಅಥವಾ ನಾಲ್ಕು ನಿಮಿಷಗಳಲ್ಲಿ ದೇಹದ ದುಡಿಮೆ ಒಂದೇ ಸಮನಾಗಿರುವುದಿಲ್ಲ. ಕಾಲಿಗೆ ನುಗ್ಗುವುದು, ಎದುರಾಳಿಯನ್ನು ಎತ್ತಿ ಕೆಡವುವುದು, ನುಗ್ಗಿ ಬಂದವರ ಮೇಲೆ ಸ್ಪ್ರಾಲ್ ಮಾಡುವುದು (ಕಾಲುಗಳನ್ನು ಹಿಂದಕ್ಕೆ ಚಿಮ್ಮಿಸಿ ಸೊಂಟದ ಭಾರ ಹಾಕಿ ತಡೆಯುವುದು), ಇವೆಲ್ಲ ಕೆಲವೇ ಸೆಕೆಂಡುಗಳ ಸ್ಫೋಟಗಳು. ಇವುಗಳ ನಡುವೆ ಕೈ ಹಿಡಿತಕ್ಕಾಗಿ, ಕತ್ತಿನ ಮೇಲಿನ ಹತೋಟಿಗಾಗಿ ನಡೆಯುವ ಎಳೆದಾಟ ಮಾತ್ರ ಬಿಡುವಿಲ್ಲದೆ ಸಾಗುತ್ತಿರುತ್ತದೆ.

ಆ ಸ್ಫೋಟಕ್ಕೆ ಬೇಕಾದ ಶಕ್ತಿ ಸ್ನಾಯುವಿನೊಳಗೆ ಸಿದ್ಧವಾಗಿರುವ ಕ್ರಿಯೇಟಿನ್ ಫಾಸ್ಫೇಟ್‌ನಿಂದ ಬರುತ್ತದೆ. ಪೂರ್ಣ ಬಲದಲ್ಲಿ ದುಡಿದರೆ ಆ ದಾಸ್ತಾನು ಸುಮಾರು 10 ಸೆಕೆಂಡುಗಳಿಗೆಲ್ಲ ಬಹುಮಟ್ಟಿಗೆ ಬರಿದಾಗುತ್ತದೆ. ಅಲ್ಲಿಂದ ಮುಂದಕ್ಕೆ ಗ್ಲೈಕೋಜನ್ (ಸ್ನಾಯುವಿನಲ್ಲಿ ಶೇಖರವಾಗಿರುವ ಸಕ್ಕರೆಯ ರೂಪ) ಆಮ್ಲಜನಕದ ನೆರವಿಲ್ಲದೆ ಒಡೆಯುವ ಕ್ರಿಯೆ ಪ್ರಧಾನವಾಗುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ, ಮುಂಗೈಗಳು ಬಿಗಿದು ಹಿಡಿತ ಸಡಿಲವಾಗತೊಡಗುತ್ತದೆ. ಬರಿದಾದ ದಾಸ್ತಾನನ್ನು ಮತ್ತೆ ತುಂಬಿಸುವುದು ಆಮ್ಲಜನಕದ ಕೆಲಸ. ಅರ್ಧದಷ್ಟು ತುಂಬಲು ಸುಮಾರು 30 ಸೆಕೆಂಡು, ಬಹುಪಾಲು ತುಂಬಲು ಮೂರು ನಿಮಿಷಗಳಷ್ಟು ಬೇಕು. ಅಂದರೆ ಎರಡು ಅವಧಿಗಳ ನಡುವಿನ ಬಿಡುವಿನಲ್ಲಿ ಅರ್ಧ ಚೇತರಿಕೆಯಷ್ಟೇ ಸಾಧ್ಯ, ಉಳಿದರ್ಧ ಕೊರತೆಯನ್ನು ಹೊತ್ತುಕೊಂಡೇ ಎರಡನೆಯ ಅವಧಿಗೆ ಇಳಿಯಬೇಕು. ಅಭ್ಯಾಸದ ಕೊನೆಯಲ್ಲಿ ರೂಢಿ ಮಾಡಿಸಬೇಕಾದದ್ದು ಈ ಸ್ಥಿತಿಯನ್ನು. ಮ್ಯಾಟ್‌ನ ಸುತ್ತ ಅರ್ಧ ಗಂಟೆ ನಿಧಾನವಾಗಿ ಓಡುವುದರಿಂದ ಹೃದಯಕ್ಕೆ ಪ್ರಯೋಜನವಿದೆ, ಆದರೆ ಅದಕ್ಕೆ ಬೇರೆ ಹೊತ್ತನ್ನು ಇಟ್ಟುಕೊಳ್ಳುವುದು ಲೇಸು. ಮ್ಯಾಟ್ ಮೇಲಿನ ಅಮೂಲ್ಯ ಸಮಯವನ್ನು ಅದಕ್ಕೆ ಕೊಡುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಮಾಣದ ವಿಷಯದಲ್ಲಿ ಧಾರಾಳತನ ಸಲ್ಲದು. ಬಿಸಿಯೇರಿಸುವುದು ಮತ್ತು ತಣಿಸುವುದನ್ನು ಬಿಟ್ಟು, 12ರಿಂದ 15 ನಿಮಿಷ ಸಾಕು. ಅಂದು ಪೂರ್ಣ ಬಲದ ಜೋಡಿ ಕುಸ್ತಿ ಹೆಚ್ಚಾಗಿ ನಡೆದಿದ್ದರೆ ಅದೇ ಅತ್ಯುತ್ತಮ ದಮ್ಮಿನ ಅಭ್ಯಾಸವಾಗಿರುತ್ತದೆ, ಆದ್ದರಿಂದ ಕೊನೆಯ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು, ಇಲ್ಲವೇ ಕೈಬಿಡಬೇಕು. ಪಟ್ಟುಗಳ ವಿವರಣೆಗೇ ಹೆಚ್ಚು ಸಮಯ ಹೋದ ದಿನ ಪೂರ್ತಿ ಹದಿನೈದು ನಿಮಿಷ ಬಳಸಬಹುದು. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ ಮಾತ್ರ ಇದನ್ನು ಪೂರ್ಣ ತೀವ್ರತೆಯಲ್ಲಿ ಮಾಡಿಸಬೇಕು.

ಆರಂಭಕ್ಕೆ ಮುನ್ನ

ಜೋಡಿ ಕುಸ್ತಿ ಮುಗಿದ ಕೂಡಲೇ ಮೂರು ನಿಮಿಷಗಳ ಬಿಡುವು ಕೊಟ್ಟು ಎಲ್ಲರೂ ನೀರು ಕುಡಿಯುವಂತೆ ನೋಡಿಕೊಳ್ಳಿ. ಅಷ್ಟರಲ್ಲಿ ಇಬ್ಬರು ಒಣ ಬಟ್ಟೆಯಿಂದ ಮ್ಯಾಟ್ ಒರೆಸಲಿ. ದಣಿದ ಕಾಲುಗಳು ಒದ್ದೆ ಮ್ಯಾಟ್ ಮೇಲೆ ಜಾರಿದರೆ ತೊಡೆಸಂಧಿಯ ಸ್ನಾಯು ಎಳೆದುಕೊಳ್ಳುವುದಕ್ಕೆ ಒಂದು ಕ್ಷಣ ಸಾಕು. ಶೂ ಲೇಸುಗಳನ್ನು ಬಿಗಿದುಕೊಳ್ಳಲು ಹೇಳಿ. ಮೊಣಕಾಲು, ಭುಜ ಅಥವಾ ಪಕ್ಕೆಯಲ್ಲಿ ನೋವಿದ್ದವರು ಈಗಲೇ ಹೇಳಲಿ ಎಂದು ಕೇಳಿ. ತೂಕಕ್ಕೆ ತಕ್ಕಂತೆ ಜೋಡಿಗಳನ್ನು ಮಾಡುವಾಗ ಒಂದು ಅಥವಾ ಎರಡು ತೂಕ ವಿಭಾಗಗಳಿಗಿಂತ ಹೆಚ್ಚಿನ ಅಂತರ ಇರಬಾರದು, ಏಕೆಂದರೆ ಮುಂದೆ ಒಬ್ಬರನ್ನೊಬ್ಬರು ಎತ್ತುವ ವ್ಯಾಯಾಮಗಳಿವೆ.

ವ್ಯಾಯಾಮಗಳು, ಅವುಗಳ ಒಳಗುಟ್ಟು

ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದದ್ದು, ಹಾಗೆಯೇ ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು, ನಿಲುವಿನ ಚಲನೆ ಮತ್ತು ಸ್ಪ್ರಾಲ್. ಕುಸ್ತಿಪಟುಗಳು ತಮ್ಮ ನಿಲುವಿನಲ್ಲಿ ಮೊಣಕಾಲು ಬಗ್ಗಿಸಿ, ಮೊಣಕೈಗಳನ್ನು ಪಕ್ಕೆಗೆ ಹತ್ತಿರವಿಟ್ಟು, ಪಾದಗಳನ್ನು ಒಂದಕ್ಕೊಂದು ಅಡ್ಡ ಬರದಂತೆ ಸರಿಸುತ್ತ ತರಬೇತುದಾರರ ಕೈಸನ್ನೆಯ ದಿಕ್ಕಿಗೆ ಚಲಿಸುತ್ತಿರಬೇಕು. ವಿಸಲ್ ಕೇಳಿದ ತಕ್ಷಣ ಸ್ಪ್ರಾಲ್ ಮಾಡಿ ಮತ್ತೆ ನಿಲುವಿಗೆ ಬರಬೇಕು. ಸರಿಯಾದ ಸ್ಪ್ರಾಲ್‌ನಲ್ಲಿ ಮೊದಲು ಸೊಂಟ ಕೆಳಗಿಳಿಯುತ್ತದೆ. ಎರಡೂ ಕಾಲುಗಳು ಹಿಂದಕ್ಕೆ ಚಿಮ್ಮಿ ಅಗಲವಾಗುತ್ತವೆ, ಕಾಲ್ಬೆರಳುಗಳು ಹೊರಕ್ಕೆ ತಿರುಗಿ ಪಾದದ ಒಳಅಂಚು ಮ್ಯಾಟ್‌ಗೆ ತಾಗುತ್ತದೆ, ಎದೆ ಎತ್ತಿರುತ್ತದೆ, ನೋಟ ಮುಂದಿರುತ್ತದೆ. ಏಳುವಾಗ ಒಂದು ಪಾದ ಮೊದಲು ಸೊಂಟದ ಕೆಳಗೆ ಬರುತ್ತದೆ, ಇನ್ನೊಂದು ಅದನ್ನು ಹಿಂಬಾಲಿಸುತ್ತದೆ, ತಲೆ ಮಾತ್ರ ಎಲ್ಲಿಯೂ ನೆಲದ ಕಡೆಗೆ ಬಾಗುವುದಿಲ್ಲ.

ದಣಿದಾಗ ಏನಾಗುತ್ತದೆ ಎಂಬುದನ್ನು ಪಕ್ಕದಿಂದ ನೋಡಿ. ಸೊಂಟಕ್ಕಿಂತ ಮೊದಲು ಮೊಣಕಾಲು ನೆಲಕ್ಕೆ ಬಡಿಯುತ್ತದೆ. ಆ ಸದ್ದು ಕಿವಿಗೇ ಕೇಳಿಸುತ್ತದೆ. ಸೊಂಟ ಮೇಲೆ ಉಳಿದು ಬೆನ್ನು ಗೂನಾಗುತ್ತದೆ, ಏಳುವಾಗ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಒತ್ತಿ ಏಳುತ್ತಾರೆ. ಪಂದ್ಯದಲ್ಲಿ ಈ ಮೂರೂ ಎದುರಾಳಿಗೆ ಅಂಕ ಬಿಟ್ಟುಕೊಡುವ ತಪ್ಪುಗಳು. ಒಬ್ಬರಲ್ಲಿ ಈ ಚಿಹ್ನೆಗಳು ಸತತವಾಗಿ ಎರಡು ಬಾರಿ ಕಂಡರೆ ಅವರಿಗೆ ವಿಸಲ್‌ನ ವೇಗವನ್ನು ಕಡಿಮೆ ಮಾಡಬೇಕೇ ಹೊರತು, ಗದರಿಸಿ ಇನ್ನೂ ವೇಗವಾಗಿ ಮಾಡಿಸಬಾರದು. ತಪ್ಪು ಚಲನೆಯನ್ನು ನೂರು ಸಲ ಮಾಡಿದರೆ ಗಟ್ಟಿಯಾಗುವುದು ಆ ತಪ್ಪೇ. 30 ಸೆಕೆಂಡುಗಳಲ್ಲಿ 5ರಿಂದ 7 ಸ್ಪ್ರಾಲ್‌ಗಳು ಒಳ್ಳೆಯ ಪ್ರಮಾಣ. ವಿಸಲ್‌ನ ನಡುವಣ ಅಂತರ ಊಹೆಗೆ ಸಿಗದಂತಿರಲಿ: ಒಮ್ಮೆ ಎರಡು ಸೆಕೆಂಡಿಗೆ, ಒಮ್ಮೆ ಏಳು ಸೆಕೆಂಡಿಗೆ.

ಎರಡನೆಯದು ಸ್ಪಿನ್ ಡ್ರಿಲ್. ಒಬ್ಬರು ಅಂಗೈ ಮತ್ತು ಮೊಣಕಾಲುಗಳನ್ನು ಊರಿ ಗಟ್ಟಿಯಾಗಿ ಕೂರುತ್ತಾರೆ. ಇನ್ನೊಬ್ಬರು ಅವರ ಬೆನ್ನಿನ ಮೇಲೆ ಎದೆಯ ಭಾರವಿಟ್ಟು, ತಮ್ಮ ಮೊಣಕಾಲು ನೆಲಕ್ಕೆ ತಾಗದಂತೆ ಕಾಲ್ಬೆರಳುಗಳ ಮೇಲೆ ಸುತ್ತುತ್ತಾರೆ. ವಿಸಲ್‌ಗೆ ದಿಕ್ಕು ಬದಲಾಗುತ್ತದೆ. ಎದೆ ಕೆಳಗಿನವರ ಬೆನ್ನಿನಿಂದ ಎದ್ದು ಅಂತರ ಉಂಟಾದರೆ ಆ ಸುತ್ತು ಲೆಕ್ಕಕ್ಕಿಲ್ಲ. 15 ಸೆಕೆಂಡಿಗೊಮ್ಮೆ ಜಾಗ ಬದಲಿಸಿಕೊಂಡರೆ 30 ಸೆಕೆಂಡುಗಳಲ್ಲಿ ಇಬ್ಬರಿಗೂ ಅವಕಾಶ ಸಿಗುತ್ತದೆ.

ಸ್ಪರ್ಧೆಯ ಮ್ಯಾಟ್ 12 ಮೀಟರ್ ಚೌಕವಾಗಿದ್ದು, ಅದರೊಳಗಿನ ಕುಸ್ತಿಯ ವೃತ್ತದ ವ್ಯಾಸ 9 ಮೀಟರ್. ಸ್ಪ್ರಿಂಟ್‌ಗೆ ಬೇರೆ ಅಂಗಳ ಹುಡುಕಬೇಕಾಗಿಲ್ಲ, ಈ ವೃತ್ತದ ಅಂಚಿನಿಂದ ಅಂಚಿಗೆ ಓಡಿದರೆ ಸಾಕು. ಪ್ರತಿ ಅಂಚಿನಲ್ಲಿ ಒಂದು ಸ್ಪ್ರಾಲ್ ಅಥವಾ ಕಾಲಿಗೆ ನುಗ್ಗುವ ಒಂದು ಹೆಜ್ಜೆಯನ್ನು ಸೇರಿಸಿದರೆ ಓಟ ಕುಸ್ತಿಯ ಓಟವಾಗುತ್ತದೆ. ಗೋಡೆಯವರೆಗೆ ಓಡಿ ಕೈಯಿಂದ ತಳ್ಳಿ ತಿರುಗುವ ಅಭ್ಯಾಸವನ್ನು ಮಾತ್ರ ಖಂಡಿತ ಬಿಡಿಸಬೇಕು, ದಣಿದವರ ಮಣಿಕಟ್ಟುಗಳು ಆ ರಭಸವನ್ನು ತಾಳಲಾರವು.

ಜೊತೆಗಾರರನ್ನು ಎತ್ತುವ ವ್ಯಾಯಾಮ ಬೆನ್ನು, ತೊಡೆ ಮತ್ತು ಹಿಡಿತಗಳನ್ನು ಒಟ್ಟಿಗೆ ದುಡಿಸುತ್ತದೆ. ಹಿಂದಿನಿಂದ ಸೊಂಟವನ್ನು ಬಳಸಿ ಕೈಕಟ್ಟಿ, ತಮ್ಮ ಸೊಂಟವನ್ನು ಜೊತೆಗಾರರ ಸೊಂಟಕ್ಕಿಂತ ಕೆಳಗಿಳಿಸಿ, ಮೊಣಕಾಲುಗಳನ್ನು ನೇರವಾಗಿಸುತ್ತ ಎತ್ತಿ, ಅಷ್ಟೇ ಹತೋಟಿಯಿಂದ ಇಳಿಸಬೇಕು. ಎಸೆಯುವಂತಿಲ್ಲ. ಎತ್ತುವವರ ಸೊಂಟ ಜೊತೆಗಾರರಿಂದ ದೂರ ಸರಿದು ಬೆನ್ನು ಬಾಗತೊಡಗಿದರೆ ಅದೇ ನಿಲ್ಲಿಸುವ ಸಂಕೇತ. ಇದನ್ನೂ ಹಗ್ಗ ಹತ್ತುವುದನ್ನೂ ಸರದಿಯ ಆರಂಭದಲ್ಲಿಯೇ ಮುಗಿಸಿಬಿಡುವುದು ಜಾಣತನ. ಬೆರಳುಗಳಲ್ಲಿ ಬಲ ಉಳಿದಿಲ್ಲದವರನ್ನು ನಾಲ್ಕೈದು ಮೀಟರ್ ಎತ್ತರಕ್ಕೆ ಕಳುಹಿಸುವುದು ವ್ಯಾಯಾಮವಲ್ಲ, ಅಪಾಯ. ಹಗ್ಗದ ಕೆಳಗೆ ದಪ್ಪ ಮ್ಯಾಟ್ ಇರಬೇಕು, ಇಳಿಯುವಾಗ ಕೈ ಮೇಲೆ ಕೈ ಇಟ್ಟು ಇಳಿಯಬೇಕು. ಸರ್ರನೆ ಜಾರಿದರೆ ಅಂಗೈ ಚರ್ಮ ಸುಲಿದು ವಾರದ ಅಭ್ಯಾಸವೇ ಹೋಗುತ್ತದೆ.

ಕರಡಿ ನಡಿಗೆ (ಅಂಗೈ ಮತ್ತು ಪಾದಗಳನ್ನು ಊರಿ ನಡೆಯುವುದು), ಜೊತೆಗಾರರ ಕಾಲು ಹಿಡಿದು ಕೈಯ ಮೇಲೆ ನಡೆಸುವುದು, ದಂಡ ಮತ್ತು ಬಸ್ಕಿ, ಇವೆಲ್ಲ ಹಗುರ ದಿನಗಳಿಗೆ ಒಳ್ಳೆಯ ಸರಕು. ಅಂಡರ್‌ಹುಕ್‌ಗಾಗಿ, ಅಂದರೆ ಎದುರಾಳಿಯ ಕಂಕುಳಡಿಯಿಂದ ತೋಳು ಹಾಕುವ ಹಿಡಿತಕ್ಕಾಗಿ, ಎದೆಗೆ ಎದೆ ಕೊಟ್ಟು ಕೈಗಳನ್ನು ಒಳಗೆ ತೂರಿಸುವ ಪಮ್ಲಿಂಗ್ ಗ್ರೀಕೋ-ರೋಮನ್ ಕುಸ್ತಿಪಟುಗಳಿಗೆ ವಿಶೇಷವಾಗಿ ಬೇಕು, ಅಲ್ಲಿ ಸೊಂಟದ ಕೆಳಗೆ ಹಿಡಿಯಲು ಅವಕಾಶವೇ ಇಲ್ಲವಲ್ಲ.

ಕೊನೆಯ ಅವಧಿಯಲ್ಲಿ ಇಡಬಾರದ ಎರಡು ಸಂಗತಿಗಳಿವೆ. ಮೊದಲನೆಯದು ಕತ್ತಿನ ಸೇತುವೆ: ಹಣೆ ಅಥವಾ ನೆತ್ತಿಯ ಮೇಲೆ ದೇಹದ ಭಾರ ಹೊರುವ ಈ ವ್ಯಾಯಾಮ ಕುಸ್ತಿಗೆ ಅಗತ್ಯವೇ, ಆದರೆ ಕತ್ತಿನ ಸ್ನಾಯುಗಳು ಜೋಡಿ ಕುಸ್ತಿಯಲ್ಲಿ ದಣಿದ ಮೇಲೆ ಭಾರವೆಲ್ಲ ಕತ್ತಿನ ಮೂಳೆಗಳ ಮೇಲೆ ಬೀಳುತ್ತದೆ. ಅದನ್ನು ಅಭ್ಯಾಸದ ಆರಂಭದಲ್ಲಿ, ಮೈ ಬಿಸಿಯಾದ ನಂತರ ಮಾಡಿಸಿ. ಎರಡನೆಯದು ಹೊಸ ಪಟ್ಟು. ಅದನ್ನು ಕಲಿಯುವ ತಾಳ್ಮೆ ಆ ಹೊತ್ತಿಗೆ ಯಾರಲ್ಲಿಯೂ ಉಳಿದಿರುವುದಿಲ್ಲ.

ಆರು ನಿಮಿಷಗಳ ಒಂದು ಮಾದರಿ

ಮೊದಲ ಅವಧಿಯ ಮೂರು ನಿಮಿಷಗಳನ್ನು ತಲಾ 30 ಸೆಕೆಂಡುಗಳ ಆರು ತುಂಡುಗಳಾಗಿ ವಿಂಗಡಿಸಿಕೊಳ್ಳಿ. ಜೊತೆಗಾರರನ್ನು ಎತ್ತುವುದರಿಂದ ಆರಂಭಿಸಿ, ಇಬ್ಬರೂ ಸರದಿಯಲ್ಲಿ ಎತ್ತಲಿ; ಅಲ್ಲಿಂದ ನಿಲುವಿನ ಚಲನೆ ಮತ್ತು ಸ್ಪ್ರಾಲ್, ನಂತರ ಸ್ಪಿನ್ ಡ್ರಿಲ್, ಬಳಿಕ ಪಮ್ಲಿಂಗ್, ಅದಾದ ಮೇಲೆ ವೃತ್ತದ ಅಂಚಿನಿಂದ ಅಂಚಿಗೆ ಸ್ಪ್ರಿಂಟ್, ಕೊನೆಗೆ ಜೊತೆಗಾರರ ಕಾಲಿಗೆ ನುಗ್ಗಿ ಹಿಡಿದು ಬಿಡುವುದು. ತುಂಡುಗಳ ನಡುವೆ ಬಿಡುವಿಲ್ಲ, ಸೂಚನೆ ಕೂಗಿದ ಕೂಡಲೇ ಬದಲಾವಣೆ. ಮೂರು ನಿಮಿಷ ಮುಗಿದ ಮೇಲೆ 30 ಸೆಕೆಂಡುಗಳ ಬಿಡುವು.

ಈ 30 ಸೆಕೆಂಡುಗಳನ್ನು ಹೇಗೆ ಕಳೆಯಬೇಕೆಂಬುದನ್ನೂ ಕಲಿಸಬೇಕು, ಬಹಳಷ್ಟು ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನೆಲಕ್ಕೆ ಬೀಳುವಂತಿಲ್ಲ. ಮೂಲೆಗೆ ನಡೆದು ಹೋಗಿ, ನಿಂತು ಅಥವಾ ಕುರ್ಚಿಯಲ್ಲಿ ಕುಳಿತು, ಮೂಗಿನಿಂದ ಆಳವಾಗಿ ಉಸಿರೆಳೆದು ಬಾಯಿಯಿಂದ ಉದ್ದವಾಗಿ ಬಿಡಬೇಕು. ಕೈಗಳನ್ನು ಸಡಿಲಬಿಟ್ಟು ಮುಂಗೈಗಳನ್ನು ಕೊಡವಬೇಕು. ತರಬೇತುದಾರರು ಈ ಹೊತ್ತಿನಲ್ಲಿ ಒಂದೇ ಒಂದು ಸೂಚನೆ ಕೊಡಲಿ, ಅದೂ ಐದಾರು ಪದಗಳಲ್ಲಿ. ಪಂದ್ಯದ ದಿನ ಮೂಲೆಯಲ್ಲಿ ಅಷ್ಟನ್ನೇ ಕೇಳಿಸಿಕೊಳ್ಳುವ ಶಕ್ತಿ ಇರುತ್ತದೆ.

ಎರಡನೆಯ ಅವಧಿಯಲ್ಲಿ ಎತ್ತುವ ತುಂಡಿನ ಬದಲು ಕರಡಿ ನಡಿಗೆಯನ್ನು ಇಟ್ಟು, ಉಳಿದವುಗಳ ಕ್ರಮವನ್ನು ಕಲಸಿಬಿಡಿ. ಕೊನೆಯ 30 ಸೆಕೆಂಡು ಮಾತ್ರ ಕಾಲಿಗೆ ನುಗ್ಗುವುದೇ ಆಗಿರಲಿ, ಪಂದ್ಯದ ಕೊನೆಯಲ್ಲಿ ಒಂದು ಅಂಕದಿಂದ ಹಿಂದಿರುವವರು ಮಾಡಬೇಕಾದ ಕೆಲಸ ಅದೇ ತಾನೇ. ಇದು ಮುಗಿದ ಮೇಲೆ ನಾಲ್ಕೈದು ನಿಮಿಷ ನಡೆದಾಡಿ ವಿಶ್ರಾಂತಿ. ಸ್ಪರ್ಧೆಗೆ ಸಿದ್ಧರಾಗುತ್ತಿರುವವರು ಇನ್ನೊಂದು ಅವಧಿಯನ್ನು ಮಾಡಬಹುದು, ಉಳಿದವರಿಗೆ ಒಂದು ಪಂದ್ಯದಷ್ಟು ಸಾಕು. 17 ವರ್ಷದೊಳಗಿನವರಿಗೆ ಪ್ರತಿ ಅವಧಿಯಲ್ಲಿ ನಾಲ್ಕೇ ತುಂಡುಗಳಿರಲಿ.

ಒಬ್ಬರನ್ನು ಮಧ್ಯದಲ್ಲಿ ನಿಲ್ಲಿಸಿ ಪ್ರತಿ 45 ಸೆಕೆಂಡಿಗೊಬ್ಬ ಹೊಸ ಎದುರಾಳಿಯನ್ನು ಕಳುಹಿಸುವ ‘ಶಾರ್ಕ್ ಬೇಟ್’ ಪದ್ಧತಿಗೆ ಅಭಿಮಾನಿಗಳು ಬಹಳ. ಸ್ಪರ್ಧೆಗೆ ಮೂರ್ನಾಲ್ಕು ವಾರ ಇರುವಾಗ, ಅನುಭವಿಗಳಿಗೆ, ವಾರಕ್ಕೊಮ್ಮೆ ಇದನ್ನು ಮಾಡಿಸಬಹುದು. ಆದರೆ ತಾಜಾ ದೇಹದ ಬಲ ದಣಿದ ದೇಹದ ಮೇಲೆ ಬೀಳುವಾಗಲೇ ಮೊಣಕಾಲುಗಳು ತಿರುಚಿಕೊಳ್ಳುವುದು ಎಂಬುದನ್ನು ಮರೆಯಬಾರದು. ಎತ್ತಿ ಎಸೆಯುವ ಪಟ್ಟುಗಳನ್ನು ನಿಷೇಧಿಸಿ, ಕೆಡವಿದ ಕೂಡಲೇ ಎಬ್ಬಿಸಿ ನಿಲ್ಲಿಸಿ, ಹೊಸಬರನ್ನು ಇದಕ್ಕೆ ಇಳಿಸಲೇಬೇಡಿ.

ವಾರದಿಂದ ವಾರಕ್ಕೆ

ಹೊಸ ಋತುವಿನ ಮೊದಲ ದಿನವೇ ಆರು ನಿಮಿಷದ ಮಾದರಿಯನ್ನು ಪೂರ್ತಿ ಮಾಡಿಸುವುದು ಅವಸರ. ಮೊದಲ ವಾರ 20 ಸೆಕೆಂಡು ದುಡಿಮೆಗೆ 40 ಸೆಕೆಂಡು ವಿಶ್ರಾಂತಿ, ಎರಡನೆಯ ವಾರ 30ಕ್ಕೆ 30, ಮೂರನೆಯ ವಾರ ಎರಡೆರಡು ತುಂಡುಗಳನ್ನು ಜೋಡಿಸಿ ಒಂದು ನಿಮಿಷಕ್ಕೆ 30 ಸೆಕೆಂಡು ವಿಶ್ರಾಂತಿ, ನಾಲ್ಕನೆಯ ವಾರದಿಂದ ಪೂರ್ಣ ಅವಧಿ. ರಜೆಯಿಂದಲೋ ಜ್ವರದಿಂದಲೋ ಮರಳಿದವರು ಮತ್ತೆ ಮೊದಲ ವಾರದಿಂದ ಹತ್ತಿಬರಬೇಕು. ಸ್ಪರ್ಧೆಯ ಹಿಂದಿನ ವಾರ ಒಟ್ಟು ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ವೇಗವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಬೇಕು.

ಸುಧಾರಣೆಯನ್ನು ಅಳೆಯಲು ಯಂತ್ರಗಳು ಬೇಕಿಲ್ಲ. ಕೊನೆಯ ವಿಸಲ್ ಆದ ಕೂಡಲೇ ಕುಸ್ತಿಪಟು ತನ್ನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ. ಒಂದು ನಿಮಿಷದ ಬಳಿಕ ಮತ್ತೆ ಎಣಿಸಲಿ. ಎರಡರ ನಡುವಿನ ಅಂತರವನ್ನು ಬರೆದಿಡಲಿ. ಉದಾಹರಣೆಗೆ 184ರಿಂದ 152ಕ್ಕೆ ಇಳಿದರೆ ಅಂತರ 32. ವಾರಗಳು ಕಳೆದಂತೆ ಈ ಅಂತರ ಹಿಗ್ಗುತ್ತಿದ್ದರೆ ದಮ್ಮು ಬೆಳೆಯುತ್ತಿದೆ ಎಂದರ್ಥ. ತಮ್ಮ ಮಾಮೂಲಿ ಅಂತರಕ್ಕಿಂತ ಒಂದು ದಿನ ತೀರ ಕಡಿಮೆ ಬಂದರೆ ನಿದ್ದೆಗೇಡೋ, ನೀರಿನ ಕೊರತೆಯೋ, ಬರಲಿರುವ ಜ್ವರವೋ ಕಾರಣವಿರಬಹುದು. ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು. ಒಬ್ಬರ ಅಂಕಿಯನ್ನು ಇನ್ನೊಬ್ಬರದರೊಂದಿಗೆ ಹೋಲಿಸುವುದು ವ್ಯರ್ಥ.

ಭಾರೀ ತೂಕದ ವಿಭಾಗದವರಿಗೆ ಹಗ್ಗದ ಬದಲು, ಸೊಂಟದೆತ್ತರದ ಅಡ್ಡಕಂಬಿಯ ಕೆಳಗೆ ಮಲಗಿ ಎದೆಯನ್ನು ಕಂಬಿಗೆ ಎಳೆದುಕೊಳ್ಳುವ ವ್ಯಾಯಾಮ ಕೊಡಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇದಾವುದೂ ಬೇಡ. ಮುಟ್ಟಾಟ, ವೃತ್ತದಿಂದ ಒಬ್ಬರನ್ನೊಬ್ಬರು ಹೊರತಳ್ಳುವ ಆಟ, ಏಳೆಂಟು ನಿಮಿಷ, ಅಷ್ಟೇ.

ಎಲ್ಲಿ ನಿಲ್ಲಿಸಬೇಕು

ತಡವಾಗಿ ಬಂದದ್ದಕ್ಕೆ, ಸೋತದ್ದಕ್ಕೆ, ಎದುರುತ್ತರ ಕೊಟ್ಟದ್ದಕ್ಕೆ ಶಿಕ್ಷೆಯಾಗಿ ಈ ವ್ಯಾಯಾಮಗಳನ್ನು ಮಾಡಿಸಬಾರದು. ಶಿಕ್ಷೆಯಲ್ಲಿ ಮಿತಿಯನ್ನು ನಿರ್ಧರಿಸುವುದು ಮಾಡುವವರ ದೇಹವಲ್ಲ, ಮಾಡಿಸುವವರ ಸಿಟ್ಟು. ರೂಢಿಯಿಲ್ಲದ ದೇಹವನ್ನು ನೂರಾರು ಬಸ್ಕಿಗಳಿಗೆ ದೂಡಿದರೆ ಸ್ನಾಯುವಿನ ಜೀವಕೋಶಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಇದನ್ನು ರಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಮಾಮೂಲಿ ಮೈಕೈ ನೋವಿಗಿಂತ ತೀವ್ರವಾದ ನೋವು ಮತ್ತು ಊತ, ಕಡು ಚಹಾ ಬಣ್ಣದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬೆವರಿಳಿಸಿ ತೂಕ ಕಳೆಯುವ ಕೆಲಸವನ್ನು ಈ ಅವಧಿಯೊಂದಿಗೆ ಬೆರೆಸುವುದು ಇನ್ನೂ ಅಪಾಯಕಾರಿ. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ, ಸುಮಾರು ಒಂದು ತಿಂಗಳ ಅಂತರದಲ್ಲಿ, ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಗಾಳಿಯಾಡದ ಉಡುಪು ತೊಟ್ಟು, ಬಿಸಿಯಾದ ಕಡೆಗಳಲ್ಲಿ ವ್ಯಾಯಾಮ ಮಾಡುತ್ತ ಪ್ರಾಣ ಕಳೆದುಕೊಂಡರು. ಅದರ ಬೆನ್ನಿಗೇ ಅಲ್ಲಿನ ಕಾಲೇಜು ಕುಸ್ತಿಯ ನಿಯಮಗಳು ಬದಲಾಗಿ ರಬ್ಬರ್ ಉಡುಪು ಮತ್ತು ಸೌನಾಗಳ ಬಳಕೆಗೆ ನಿಷೇಧ ಬಂತು. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡೋ ದಪ್ಪ ಸ್ವೆಟರ್ ತೊಟ್ಟೋ ಕೊನೆಯ ಅವಧಿಗೆ ನಿಂತವರನ್ನು ಕಂಡರೆ ಮೊದಲು ಅದನ್ನು ಕಳಚಿಸಿ.

ಎದೆನೋವು, ತಲೆಸುತ್ತು, ಮೈ ಅದುರುವಿಕೆ ಕಂಡವರನ್ನು ತಕ್ಷಣ ಕೂರಿಸಬೇಕು. ಮೈ ಸುಡುತ್ತಿದ್ದು, ಮಾತು ತೊದಲಿ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ಉಷ್ಣಾಘಾತವಿರಬಹುದು. ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಕೂರಿಸಿ ತಲೆಯನ್ನು ಹಿಡಿದುಕೊಳ್ಳಬೇಕು. ತೊಟ್ಟಿ ಇಲ್ಲದಿದ್ದರೆ ಮೈಮೇಲೆ ಬಿಡದೆ ತಣ್ಣೀರು ಸುರಿಯುತ್ತಿರಬೇಕು.

ಮೈ ತಣಿಸುವುದು

ಕೊನೆಯ ವಿಸಲ್ ಆದ ಮೇಲೆ ಐದು ನಿಮಿಷ ಎಲ್ಲರೂ ನಡೆಯುತ್ತಿರಲಿ. ಉಸಿರು ಹದಕ್ಕೆ ಬಂದ ಮೇಲೆ ತೊಡೆಯ ಮುಂಭಾಗ, ತೊಡೆಸಂಧಿ, ಭುಜ ಮತ್ತು ಮುಂಗೈಗಳನ್ನು ತಲಾ 30 ಸೆಕೆಂಡು ಹಗುರವಾಗಿ ಹಿಗ್ಗಿಸಬೇಕು. ಕತ್ತಿಗಾಗಿ, ತಮ್ಮದೇ ಅಂಗೈಯನ್ನು ಹಣೆಗೆ, ತಲೆಯ ಹಿಂಬದಿಗೆ, ಎರಡೂ ಪಕ್ಕಗಳಿಗೆ ಒತ್ತಿ, ತಲೆ ಅಲುಗದಂತೆ ಐದಾರು ಸೆಕೆಂಡು ತಡೆದು ನಿಲ್ಲಿಸಿದರೆ ಸಾಕು. ಚರ್ಮದ ಸೋಂಕು ಕುಸ್ತಿಯಲ್ಲಿ ಬಲು ಬೇಗ ಹರಡುವುದರಿಂದ ಒದ್ದೆ ಬಟ್ಟೆಯಲ್ಲಿ ಹರಟುತ್ತ ಕೂರದೆ ಸೋಪು ಹಚ್ಚಿ ಸ್ನಾನ ಮಾಡಬೇಕು, ಮ್ಯಾಟ್ ಅನ್ನು ಸೋಂಕುನಾಶಕದಿಂದ ಒರೆಸಬೇಕು.

ಅಭ್ಯಾಸಕ್ಕೆ ಮೊದಲು ಮತ್ತು ನಂತರ ತೂಕ ನೋಡಿಕೊಂಡು ನಾಡಿಯ ಅಂಕಿಯ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು. ಕಳೆದುಹೋದ ಪ್ರತಿ ಕಿಲೋಗ್ರಾಂಗೆ ಸುಮಾರು ಒಂದೂವರೆ ಲೀಟರ್ ನೀರನ್ನು ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಮರುದಿನ ಅಭ್ಯಾಸಕ್ಕೆ ಬರುವಾಗಲೂ ತೂಕ ಹಿಂದಿನ ದಿನದ ಮಟ್ಟಕ್ಕೆ ಮರಳಿರದಿದ್ದರೆ ಆ ಕುಸ್ತಿಪಟುವನ್ನು ಅಂದಿನ ಕೊನೆಯ ಅವಧಿಯಿಂದ ಹೊರಗಿಟ್ಟು, ಪಟ್ಟುಗಳ ನಿಧಾನ ಅಭ್ಯಾಸಕ್ಕಷ್ಟೇ ಸೇರಿಸಿಕೊಳ್ಳಬೇಕು.